ಹಾಡುನಾಟಕ: ಹಾಸನ ಸೀಮೆಯಿಂದ ಕಂಡಂತೆ ಕನ್ನಡ ಸಂಗೀತ ರಂಗಭೂಮಿಯ ಬೆಳವಣಿಗೆ

ಹಾಡಿನ ಬಲದಿಂದಲೇ ಕಥೆ ನಡೆಯುವ ನಾಟಕಕ್ಕೆ ಸಂಗೀತ ನಾಟಕ ಅಥವಾ ಹಾಡುನಾಟಕ ಎನ್ನುತ್ತಾರೆ. ಕನ್ನಡದಲ್ಲಿ ಬಯಲಾಟ, ಕಂಪನಿ ನಾಟಕ, ಹಳ್ಳಿಯ ಪೌರಾಣಿಕ ನಾಟಕ, ಗೀತನಾಟಕ, 1970ರ ಈಚಿನ ಹವ್ಯಾಸಿ ರಂಗಭೂಮಿಯ ಹಾಡುಭರಿತ ಪ್ರಯೋಗಗಳು ಎಲ್ಲವೂ ಈ ಮಾತಿನ ವ್ಯಾಪ್ತಿಗೆ ಬರುತ್ತವೆ. ಇವುಗಳ ಇತಿಹಾಸವನ್ನು ಸಾಮಾನ್ಯವಾಗಿ ಮೈಸೂರು, ಗದಗ, ಗುಬ್ಬಿ, ಬೆಂಗಳೂರುಗಳಿಂದ ಹೇಳುವುದು ವಾಡಿಕೆ. ಹಾಸನ ಜಿಲ್ಲೆಯ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಸೀಮೆಯಲ್ಲಿ ನಿಂತು ನೋಡಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಪಟ್ಟಣದಲ್ಲಿ ಒಂದು ಪ್ರಕಾರ ಬಂದು ಇನ್ನೊಂದನ್ನು ಹಿಂದೆ ಸರಿಸಿತು. ಇಲ್ಲಿ ಹಳೆಯದು ಹೋಗದೆ ಉಳಿದು, ಹೊಸದು ಅದರ ಮೇಲೆಯೇ ಬಂದು ಕೂತಿತು. ಕೊಣನೂರು ಹೋಬಳಿಯ ಯಾವುದಾದರೂ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ನಡೆಯುವ ‘ಕುರುಕ್ಷೇತ್ರ’ ನಾಟಕವನ್ನು ಬೆಳಗಿನವರೆಗೆ ಕೂತು ನೋಡಿದವರು ನೂರೈವತ್ತು ವರ್ಷದ ರಂಗಸಂಗೀತವನ್ನು ಒಂದೇ ರಾತ್ರಿಯಲ್ಲಿ ಕೇಳಿರುತ್ತಾರೆ.

ಈ ಇತಿಹಾಸವನ್ನು ಅರ್ಥಮಾಡಿಕೊಳ್ಳಲು ಒಂದು ಪ್ರಶ್ನೆ ಸಾಕು: ಹಾಡು ಯಾರ ಬಾಯಲ್ಲಿದೆ? ಭಾಗವತನ ಬಾಯಲ್ಲಿದ್ದ ಹಾಡು ನಟನ ಬಾಯಿಗೆ ಬಂದದ್ದು, ನಟನಿಂದ ಮೇಳಕ್ಕೆ ಹೋದದ್ದು, ಕಂಪನಿಯಿಂದ ಹೊಲ ಉಳುವವನ ಬಾಯಿಗೆ ಇಳಿದದ್ದು, ಇವೇ ಈ ರಂಗಭೂಮಿಯ ದೊಡ್ಡ ಬದಲಾವಣೆಗಳು. ಪರದೆ, ದೀಪ, ವೇಷಗಳಲ್ಲಿ ಆದದ್ದೆಲ್ಲ ಇದರ ಹಿಂದೆ ಬಂದದ್ದು.

ಭಾಗವತನ ಕಾಲ

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಆಸ್ಥಾನದಲ್ಲಿ ಹುಟ್ಟಿದ ಇದು ಶ್ರೀಹರ್ಷನ ಸಂಸ್ಕೃತ ‘ರತ್ನಾವಳಿ’ಯ ಜಾಡಿನ ಕೃತಿ. ಜನರ ನಡುವೆ ನಾಟಕವೆಂದರೆ ಆಗ ಬಯಲಾಟವೇ. ಕರಾವಳಿ, ಮಲೆನಾಡಿನ ಯಕ್ಷಗಾನ ಪಡುವಲಪಾಯವಾದರೆ, ಘಟ್ಟದ ಮೇಲಿನ ಬಯಲುಸೀಮೆಯದು ಮೂಡಲಪಾಯ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳು ಈ ಮೂಡಲಪಾಯದ ನೆಲೆ. ಚನ್ನರಾಯಪಟ್ಟಣಕ್ಕೆ ಹೊಂದಿಕೊಂಡ ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರಾದ ಜೀ.ಶಂ. ಪರಮಶಿವಯ್ಯನವರು ಈ ಕಲೆಯ ಬೆನ್ನು ಹತ್ತಿ ಊರೂರು ತಿರುಗಿ, ಅದಕ್ಕೆ ವಿದ್ವತ್ತಿನ ಲೋಕದಲ್ಲಿ ಒಂದು ಹೆಸರನ್ನೂ ನೆಲೆಯನ್ನೂ ಒದಗಿಸಿದರು.

ಮೂಡಲಪಾಯದಲ್ಲಿ ಹಾಡು ಭಾಗವತನದು. ಅವನ ಜೊತೆಗೆ ಮದ್ದಳೆ, ತಾಳ, ಶ್ರುತಿ ಹಿಡಿಯುವ ಮುಖವೀಣೆ. ವೇಷಧಾರಿ ಕುಣಿಯುತ್ತಾನೆ, ಆರ್ಭಟಿಸುತ್ತಾನೆ, ಭಾಗವತನ ಪದದ ಕೊನೆಯನ್ನು ಹಿಡಿದು ಮಾತಿಗೆ ಇಳಿಯುತ್ತಾನೆ. ರಂಗಕ್ಕೆ ಬಂದ ರಾಜನನ್ನು ‘ನೀವಾರು, ಎಲ್ಲಿಂದ ಬಂದಿರಿ’ ಎಂದು ಕೇಳಿ ಪರಿಚಯ ಮಾಡಿಸುವವನು ಸಾರಥಿ. ನಗಿಸುವ ಹೊಣೆಯೂ ಅವನದೇ. ಕಥೆಯ ಹಗ್ಗ ಮಾತ್ರ ಭಾಗವತನ ಕೈಯಲ್ಲಿ. ಅವನು ಪದ ಎತ್ತದೆ ಯಾವ ಯುದ್ಧವೂ ಶುರುವಾಗುವುದಿಲ್ಲ, ಯಾವ ಮದುವೆಯೂ ಮುಗಿಯುವುದಿಲ್ಲ.

ಹಾಡು ನಟನ ಬಾಯಿಗೆ

ಈ ವ್ಯವಸ್ಥೆ ಬದಲಾದ ಬಗೆ ಸ್ವಾರಸ್ಯದ್ದು, ಏಕೆಂದರೆ ಅದು ಕನ್ನಡದಿಂದ ಹೊರಟು ಮರಾಠಿಯನ್ನು ಸುತ್ತಿ ಮತ್ತೆ ಕನ್ನಡಕ್ಕೆ ಬಂದಿತು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗಲಿ ಸಂಸ್ಥಾನದಲ್ಲಿ ಆಡಿದ ಆಟದಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಆ ದಿನದಿಂದ ಎಣಿಸುತ್ತದೆ. ಭಾವೆಯವರ ನಾಟಕದಲ್ಲಿ ಹಾಡುತ್ತಿದ್ದವನು ಇನ್ನೂ ಸೂತ್ರಧಾರನೇ. 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂದ ‘ಸಂಗೀತ ಶಾಕುಂತಲ’ದಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಪ್ರತಿಯೊಂದು ಪಾತ್ರಕ್ಕೂ ಅದರದೇ ಹಾಡು ಕೊಟ್ಟರು. ಶಕುಂತಲೆಯ ದುಃಖವನ್ನು ಶಕುಂತಲೆಯೇ ಹಾಡತೊಡಗಿದಳು. ಕೇಳಲು ಸಣ್ಣ ಮಾತು, ಆದರೆ ಇದರ ಪರಿಣಾಮ ಬಹಳ ದೊಡ್ಡದು: ಇನ್ನು ಮುಂದೆ ನಟನಾಗಲು ಕಂಠ ಬೇಕಾಯಿತು.

ಮರಾಠಿ ಕಂಪನಿಗಳ ಅಬ್ಬರ ಕಂಡು ಗದುಗಿನಲ್ಲಿ ಕನ್ನಡದ್ದೇ ಮಂಡಳಿ ಕಟ್ಟಿದವರು ಸಕ್ಕರಿ ಬಾಳಾಚಾರ್ಯರು, ‘ಶಾಂತಕವಿ’ (1856–1920). ಮೈಸೂರಿನಲ್ಲಿ ಅದೇ ಕೆಲಸವನ್ನು ಅರಮನೆ ಮಾಡಿತು. 1880ರ ದಶಕದ ಆರಂಭದಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು. ಬಸವಪ್ಪಶಾಸ್ತ್ರಿಗಳು (1843–1891) ಕಾಳಿದಾಸನ ಶಾಕುಂತಲವನ್ನು ಕನ್ನಡಿಸಿದರು, ಷೇಕ್ಸ್‌ಪಿಯರನ ‘ಒಥೆಲೊ’ವನ್ನು ‘ಶೂರಸೇನ ಚರಿತೆ’ ಮಾಡಿದರು. ಇವು ಕಂದ, ವೃತ್ತಗಳಿಂದ ತುಂಬಿದ ನಾಟಕಗಳು. ಕಂದವೆಂದರೆ ನಾಲ್ಕು ಸಾಲು, ಹನ್ನೆರಡು–ಇಪ್ಪತ್ತು, ಹನ್ನೆರಡು–ಇಪ್ಪತ್ತು ಮಾತ್ರೆ. ಹಳಗನ್ನಡದ ಕವಿಗಳು ಓದಿಸಲೆಂದು ಬರೆದ ಛಂದಸ್ಸು ಇಲ್ಲಿ ಹಾಡುವ ಛಂದಸ್ಸಾಯಿತು. ತಾಳದ ಹಂಗಿಲ್ಲದೆ, ರಾಗದ ಆಲಾಪನೆಯೊಂದಿಗೆ ಕಂದ ಹಾಡುವ ಪದ್ಧತಿ ಇಂದಿಗೂ ಹಳ್ಳಿಯ ರಂಗದಲ್ಲಿ ಜೀವಂತವಾಗಿದೆ. ಪಂಪನ ಕಾಲದ ಒಂದು ಛಂದೋರೂಪವನ್ನು ಓದು ಬಾರದವರೂ ಕಂಠಪಾಠದಲ್ಲಿ ಉಳಿಸಿಕೊಂಡು ಬಂದದ್ದಕ್ಕೆ ನಾಟಕವೇ ಕಾರಣ. ಸಾಹಿತ್ಯದ ಇತಿಹಾಸಗಳು ಈ ಸಂಗತಿಗೆ ಸಲ್ಲಬೇಕಾದ ಜಾಗ ಕೊಟ್ಟಿಲ್ಲ.

ಹಾಡುವ ನಟರಲ್ಲಿ ಮೈಸೂರಿನ ಎ.ವಿ. ವರದಾಚಾರ್ಯರದು (1869–1926) ಎಲ್ಲರಿಗಿಂತ ಎತ್ತರದ ಹೆಸರು. ಅವರ ರತ್ನಾವಳಿ ನಾಟಕ ಕಂಪನಿಯಲ್ಲಿ ರಂಗಗೀತೆ ಕಛೇರಿಯ ಮಟ್ಟಕ್ಕೆ ಏರಿತು. ಪ್ರೇಕ್ಷಕರು ‘ಒನ್ಸ್ ಮೋರ್’ ಕೂಗಿ ಅದೇ ಹಾಡನ್ನು ಮತ್ತೆ ಮತ್ತೆ ಹಾಡಿಸುವುದು ಆ ಕಾಲದ ರಂಗದಲ್ಲಿ ದಿನನಿತ್ಯದ ಮಾತು. ಇದರಿಂದ ಕಥೆ ಮುಂದೆ ಸಾಗದೆ ನಿಂತಿತೆಂದು ಮುಂದಿನ ತಲೆಮಾರು ದೂರಿತು. ಆ ದೂರಿನಲ್ಲಿ ಅರ್ಧ ಸತ್ಯವಿದೆ. ಕಥೆ ಗೊತ್ತಿಲ್ಲದವರು ಯಾರೂ ಅಲ್ಲಿ ಕೂತಿರಲಿಲ್ಲ. ಪ್ರಹ್ಲಾದ ಬದುಕುತ್ತಾನೆ, ಹಿರಣ್ಯಕಶಿಪು ಸಾಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಅವರು ಕೇಳಲು ಬಂದದ್ದು ಆ ಗಳಿಗೆಯ ಸಂಕಟವನ್ನು ಈ ನಟ ಯಾವ ರಾಗದಲ್ಲಿ ಹಿಡಿಯುತ್ತಾನೆ ಎಂಬುದನ್ನು.

ಹಾರ್ಮೋನಿಯಂ ಬಂದದ್ದೂ ಈ ಹೊತ್ತಿನಲ್ಲೇ. ಪಾರ್ಸಿ ಕಂಪನಿಗಳು ಬಣ್ಣದ ಪರದೆ, ಹಿಂದೂಸ್ತಾನಿ ಮಟ್ಟುಗಳ ಜೊತೆಗೆ ಅದನ್ನೂ ಊರೂರಿಗೆ ಹೊತ್ತು ತಂದವು. ಪಾರ್ಸಿ, ಮರಾಠಿ ಹಾಡುಗಳ ಮಟ್ಟು ಹಿಡಿದು ಕನ್ನಡ ಸಾಹಿತ್ಯ ಕೂರಿಸುವುದು ಕಂಪನಿ ಕವಿಗಳಿಗೆ ಕರಗತವಾಯಿತು. ಕರ್ನಾಟಕ ಸಂಗೀತದ ಕಲ್ಯಾಣಿ, ಮೋಹನಗಳ ಪಕ್ಕದಲ್ಲಿ ಭೀಮಪಲಾಸ್ ಬಂದು ನಿಂತಿತು. ರಂಗಸಂಗೀತವೆಂಬ ಪ್ರತ್ಯೇಕ ಬನಿ ಹುಟ್ಟಿದ್ದು ಈ ಬೆರಕೆಯಿಂದಲೇ.

ಗುಬ್ಬಿ ಕಂಪನಿ

ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ 1884ರಲ್ಲಿ ಗುಬ್ಬಿಯಲ್ಲಿ ಆರಂಭವಾಯಿತು. ಬಾಲನಟನಾಗಿ ಸೇರಿದ ವೀರಣ್ಣನವರು (1891–1972) 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಮುಂದಿನ ನಾಲ್ಕು ದಶಕ ಕನ್ನಡ ನಾಟಕವೆಂದರೆ ಗುಬ್ಬಿ ಕಂಪನಿ ಎಂಬಂತಾಯಿತು. ಬೆಳ್ಳಾವೆ ನರಹರಿಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರು ಕಂಪನಿಗೆ ಬರೆದರು. ‘ಸದಾರಮೆ’, ‘ಕೃಷ್ಣಲೀಲೆ’, ‘ದಶಾವತಾರ’ಗಳ ಹಾಡುಗಳು ಕಂಪನಿಯ ಕ್ಯಾಂಪು ಎದ್ದು ಹೋದ ಮೇಲೂ ಊರಿನವರ ನಾಲಿಗೆಯಲ್ಲಿ ಉಳಿದವು. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆ, ರಥಗಳು ರಂಗದ ಮೇಲೆ ಬಂದವು.

ಆನೆ ಕುದುರೆಗಳ ವೈಭವವನ್ನೇ ಎಲ್ಲರೂ ನೆನೆಯುತ್ತಾರೆ. ವೀರಣ್ಣನವರ ನಿಜವಾದ ಹೊಸತನ ಬೇರೆ ಎರಡು ಕಡೆ ಇದೆ ಎಂದು ತೋರುತ್ತದೆ. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡುವಂತೆ ಮಾಡಿದ್ದು ಒಂದು, ಬಿ. ಜಯಮ್ಮನವರಂಥ ಗಾಯಕ ನಟಿ ರಂಗಕ್ಕೆ ಬಂದ ಮೇಲೆ ಹೆಣ್ಣಿನ ಹಾಡಿನ ಶ್ರುತಿಯೇ ಬದಲಾಯಿತು. ಎರಡನೆಯದು, ಕಂಪನಿಯನ್ನೇ ಒಂದು ಶಾಲೆ ಮಾಡಿದ್ದು. ಹುಡುಗರು ಬೆಳಿಗ್ಗೆ ಸಂಗೀತ, ಮಧ್ಯಾಹ್ನ ತಾಲೀಮು, ರಾತ್ರಿ ನಾಟಕ ಎಂಬ ಶಿಸ್ತಿನಲ್ಲಿ ಬೆಳೆದರು. ರಾಜಕುಮಾರ್, ಜಿ.ವಿ. ಅಯ್ಯರ್, ತಿಪಟೂರಿನ ನರಸಿಂಹರಾಜು, ಅರಸೀಕೆರೆಯ ಬಾಲಕೃಷ್ಣ, ಬಿ.ವಿ. ಕಾರಂತ ಎಲ್ಲರೂ ಈ ಕಂಪನಿಯ ನೆರಳಿನಲ್ಲಿ ಪಳಗಿದವರು. ಮುಂದೆ ಮೈಸೂರಿನಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕೃಷ್ಣ, ಕಂಸ, ಭೀಮ, ರಾವಣರನ್ನು ತಾವೇ ಅಭಿನಯಿಸಿದರು. ಗಂಡಸು ಸೀರೆ ಉಟ್ಟು ಹಾಡುತ್ತಿದ್ದ ರಂಗದಲ್ಲಿ ಹೆಂಗಸು ಗದೆ ಹಿಡಿದು ಕಂದ ಹಾಡಿದಳು. ಅವರ ಗಟ್ಟಿ ಕಂಠವನ್ನು ಕೇಳಿದವರು ಅದನ್ನು ಒಂದು ಸೋಜಿಗವೆಂದು ಪಕ್ಕಕ್ಕಿಡಲಿಲ್ಲ, ಪಾತ್ರವೆಂದೇ ಒಪ್ಪಿಕೊಂಡರು.

ಸಿನಿಮಾ ಮತ್ತು ಮೈಕು

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ಕಂಪನಿ ನಾಟಕದವರದೇ ಕೆಲಸ, ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ರಂಗದಿಂದಲೇ ಹೋದವರು. ‘ಬೇಡರ ಕಣ್ಣಪ್ಪ’ (1954) ಕೂಡ ಮೊದಲು ಗುಬ್ಬಿ ಕಂಪನಿಯ ನಾಟಕ. ಸಿನಿಮಾ ನಾಟಕದ ಹಾಡನ್ನು, ನಟನನ್ನು, ಕೊನೆಗೆ ಪ್ರೇಕ್ಷಕನನ್ನೂ ಕರೆದುಕೊಂಡು ಹೋಯಿತು. ಇತ್ತ ಬೆಂಗಳೂರಿನ ವಿದ್ಯಾವಂತರ ನಡುವೆ ಟಿ.ಪಿ. ಕೈಲಾಸಂ (1884–1946) ಮನೆಮಾತಿನ ಗದ್ಯನಾಟಕ ಬರೆದರು. ಅವರ ‘ಟೊಳ್ಳುಗಟ್ಟಿ’ (1918) ಹಾಡಿನ ಆಸರೆ ಇಲ್ಲದೆಯೂ ಕನ್ನಡ ನಾಟಕ ನಿಲ್ಲಬಲ್ಲದೆಂದು ತೋರಿಸಿತು. ಹಿರಣ್ಣಯ್ಯ ಮಿತ್ರ ಮಂಡಳಿಯಂಥ ವೃತ್ತಿ ಕಂಪನಿಯಲ್ಲೂ ಮಾತಿನ ವಿಡಂಬನೆ ಮುಂದೆ ಬಂದು ಹಾಡು ಹಿಂದೆ ಸರಿಯಿತು.

ಮೈಕಿನ ವಿಚಾರವನ್ನು ಬಹಳ ಜನ ಗಮನಿಸಿಲ್ಲ. ಮೈಕಿಲ್ಲದ ಕಾಲದಲ್ಲಿ ನಟ ಐದು ಮನೆ ಶ್ರುತಿಯ ಸುಮಾರಿನಲ್ಲಿ ಹಾಡಬೇಕಿತ್ತು. ಕೊನೆಯ ಸಾಲಿನವನಿಗೆ ಕೇಳಿಸಬೇಕಾದರೆ ಬೇರೆ ದಾರಿಯಿರಲಿಲ್ಲ. ಆ ಎತ್ತರದ ಶ್ರುತಿಯಿಂದಲೇ ಕಂಪನಿ ನಾಟಕದ ಮಾತು, ನಿಲುವು, ಕೈ ಬೀಸುವ ರೀತಿ ಎಲ್ಲ ರೂಪುಗೊಂಡವು. ಮಾತೂ ಆ ಶ್ರುತಿಗೆ ಹೊಂದಿಕೊಂಡು ಅರ್ಧ ಹಾಡಾಗಿ ಬರುತ್ತಿತ್ತು. ಮೈಕು ಬಂದ ಮೇಲೆ ಶ್ರುತಿ ಇಳಿಯಿತು. ಹಳ್ಳಿಯ ರಂಗದ ಮೇಲೆ ಎರಡು ಮೂರು ಮೈಕು ಇಳಿಬಿಟ್ಟರೆ, ಹಾಡುವ ಪಾತ್ರ ತಾನಾಗಿ ಅದರ ಕೆಳಗೆ ಬಂದು ನಿಲ್ಲುತ್ತದೆ. ಭೀಮನೂ ದುರ್ಯೋಧನನೂ ಬೈದಾಡುವಾಗ ಒಂದೇ ಮೈಕಿಗೆ ಸರದಿಯಲ್ಲಿ ಬರುವುದನ್ನು ನೋಡಬಹುದು. ರಂಗದ ಮೇಲಿನ ಚಲನೆಯನ್ನು ನಿರ್ದೇಶಕನಿಗಿಂತ ಹೆಚ್ಚಾಗಿ ಮೈಕಿನ ತಂತಿ ನಿರ್ಧರಿಸಿದ ಕಾಲ ಇದು. ಈಚೆಗೆ ಕಾಲರ್ ಮೈಕು ಬಂದಿರುವುದರಿಂದ ಕೆಲವು ತಂಡಗಳಲ್ಲಿ ನಟರು ಮತ್ತೆ ರಂಗದ ತುಂಬ ಓಡಾಡತೊಡಗಿದ್ದಾರೆ.

ಹಳ್ಳಿಯ ಪೌರಾಣಿಕ ನಾಟಕ

ಕಂಪನಿಗಳು ಸೊರಗಿದ ಮೇಲೆ ಅವುಗಳ ನಾಟಕ ಎಲ್ಲಿಗೆ ಹೋಯಿತು? ಹಳ್ಳಿಗೆ. ಹಾಸನ, ಮಂಡ್ಯ, ತುಮಕೂರು, ಮೈಸೂರು ಜಿಲ್ಲೆಗಳಲ್ಲಿ ಇಂದು ಕಾಣುವ ಪೌರಾಣಿಕ ನಾಟಕಗಳು ಕಂಪನಿ ರಂಗಭೂಮಿಯ ನೇರ ವಾರಸುದಾರರು. ತಂಡದ ಹೆಸರಿನಲ್ಲೇ ಆ ಗುರುತಿದೆ: ಊರ ದೇವರ ಹೆಸರಿಗೆ ‘ಕೃಪಾಪೋಷಿತ ನಾಟಕ ಮಂಡಳಿ’ ಸೇರಿಸುವ ರೂಢಿ ಗುಬ್ಬಿ ಕಂಪನಿಯ ಕಾಲದ್ದು. ಆಡುವುದು ಬಹುಮಟ್ಟಿಗೆ ‘ಕುರುಕ್ಷೇತ್ರ’. ಅದಿಲ್ಲವಾದರೆ ‘ದಾನಶೂರ ಕರ್ಣ’, ‘ಸಂಪೂರ್ಣ ರಾಮಾಯಣ’, ‘ದಕ್ಷಯಜ್ಞ’.

ಇದರ ನಡುಕಂಬ ಹಾರ್ಮೋನಿಯಂ ಮೇಷ್ಟ್ರು. ಊರಿನ ಹತ್ತು ಹದಿನೈದು ಮಂದಿ ಸೇರಿ ನಾಟಕ ಕಲಿಯಬೇಕೆಂದು ತೀರ್ಮಾನಿಸಿದರೆ ಮೊದಲು ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ರಾತ್ರಿ ಊಟದ ನಂತರ ರಾಮಮಂದಿರದಲ್ಲೋ ಭಜನೆ ಮನೆಯಲ್ಲೋ ತಾಲೀಮು. ತಿಂಗಳುಗಟ್ಟಲೆ ನಡೆಯುತ್ತದೆ. ಮೇಷ್ಟ್ರು ಒಂದೊಂದೇ ಸಾಲು ನುಡಿಸಿ ಹೇಳಿಕೊಡುತ್ತಾರೆ. ಹಗಲು ಹೊಗೆಸೊಪ್ಪಿನ ಬ್ಯಾರನ್ನಿನ ಹತ್ತಿರವೋ ಆಲೂಗೆಡ್ಡೆ ಹೊಲದಲ್ಲೋ ದುಡಿದ ಮನುಷ್ಯ ರಾತ್ರಿ ಕೂತು ಚಂಪಕಮಾಲೆಯ ವೃತ್ತವೊಂದನ್ನು ಬಾಯಿಗೆ ತಂದುಕೊಳ್ಳುತ್ತಾನೆ. ರಾಗದ ಹೆಸರು ಅವನಿಗೆ ಗೊತ್ತಿರಬೇಕೆಂದಿಲ್ಲ. ‘ಇದು ಇಂಥ ಹಾಡಿನ ಮಟ್ಟು’ ಎಂದರೆ ಸಾಕು.

ಪಾರ್ಟು ಹಂಚುವುದೇ ಒಂದು ದೊಡ್ಡ ಕೆಲಸ. ಖರ್ಚನ್ನು ಪಾತ್ರಧಾರಿಗಳೇ ಭರಿಸುತ್ತಾರೆ, ಪಾತ್ರದ ತೂಕಕ್ಕೆ ತಕ್ಕಂತೆ ಹಣ. ಕೃಷ್ಣ, ದುರ್ಯೋಧನ, ಕರ್ಣರಿಗೆ ಹೆಚ್ಚು. ಹಾಡು ಕಡಿಮೆಯಿದ್ದಷ್ಟೂ ಕಡಿಮೆ. ಒಬ್ಬರಿಗಿಂತ ಹೆಚ್ಚು ಮಂದಿಗೆ ಕೃಷ್ಣ ಬೇಕಾದಾಗ ಮೇಷ್ಟ್ರು ಜಗಳ ಹಚ್ಚುವುದಿಲ್ಲ. ಸಂಧಾನದವರೆಗೆ ಒಂದನೇ ಕೃಷ್ಣ, ಯುದ್ಧಕ್ಕೆ ಎರಡನೇ ಕೃಷ್ಣ. ಎರಡು ದೇಹ, ಎರಡು ಕಂಠ, ಒಂದೇ ಪಾತ್ರ. ಜನರಿಗೆ ಇದರಿಂದ ಗೊಂದಲವಿಲ್ಲ. ನವಿಲುಗರಿ ಯಾರ ತಲೆಯ ಮೇಲಿದೆಯೋ ಅವನೇ ಕೃಷ್ಣ. ಪಾತ್ರಕ್ಕೂ ನಟನಿಗೂ ಇರುವ ಅಂತರವನ್ನು ಹೀಗೆ ಸಲೀಸಾಗಿ ಒಪ್ಪಿಕೊಳ್ಳುವ ರಂಗಭೂಮಿ ಇದು. ಪಟ್ಟಣದ ನಿರ್ದೇಶಕರು ಇದೇ ಕೆಲಸವನ್ನು ಪ್ರಯೋಗವೆಂದು ಮಾಡುವುದಕ್ಕೆ ಬಹಳ ಮೊದಲೇ ಹಳ್ಳಿಯವರು ಅಗತ್ಯಕ್ಕಾಗಿ ಮಾಡಿದ್ದರು.

ನಾಟಕದ ದಿನ ಬಾಡಿಗೆಯ ಸೀನರಿ ಲಾರಿಯಲ್ಲಿ ಬರುತ್ತದೆ. ದರ್ಬಾರು, ಕಾಡು, ಬೀದಿ, ಅಂತಃಪುರದ ಪರದೆಗಳು, ಹೊಳೆಯುವ ಕಿರೀಟ, ಭುಜಕೀರ್ತಿ, ಗದೆ. ಸ್ತ್ರೀಪಾತ್ರಗಳಿಗೆ ವೃತ್ತಿ ನಟಿಯರು ಬೇರೆ ಊರುಗಳಿಂದ ಬರುತ್ತಾರೆ. ಊರಿನವರ ಜೊತೆ ಒಮ್ಮೆಯೂ ತಾಲೀಮು ಮಾಡದೆ ನೇರವಾಗಿ ರಂಗಕ್ಕೆ ಇಳಿದು, ಮೇಷ್ಟ್ರ ಒಂದು ಸ್ವರದ ಸನ್ನೆ ಹಿಡಿದು ದ್ರೌಪದಿಯಾಗಿ ಹಾಡುವ ಈ ಹೆಣ್ಣುಮಕ್ಕಳ ಕಸುಬುಗಾರಿಕೆಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಒಂದೇ ವಾರದಲ್ಲಿ ಬೇರೆ ಬೇರೆ ಜಿಲ್ಲೆಯ ಬೇರೆ ಬೇರೆ ದುರ್ಯೋಧನರ ಎದುರು ನಿಂತು, ಒಬ್ಬೊಬ್ಬನ ಶ್ರುತಿಗೂ ಹೊಂದಿಕೊಳ್ಳುವುದು ಸಾಮಾನ್ಯ ಕೆಲಸವಲ್ಲ.

ದುರ್ಯೋಧನನ ಒಂದು ಕಂದವನ್ನು ಹತ್ತಿರದಿಂದ ನೋಡಬೇಕು. ಪರದೆ ಮೇಲೇಳುತ್ತದೆ. ನಟ ಎದೆಯುಬ್ಬಿಸಿ ಮುಂದೆ ಬರುತ್ತಾನೆ. ಮೇಷ್ಟ್ರು ಷಡ್ಜ ಒತ್ತಿ ಹಿಡಿಯುತ್ತಾರೆ, ತಬಲದವನ ಕೈ ಸುಮ್ಮನಿರುತ್ತದೆ. ಮೊದಲ ಸಾಲು ಮಾತಿನಷ್ಟೇ ಬೇಗ ಬರುತ್ತದೆ. ಎರಡನೆಯ ಸಾಲಿನ ಕೊನೆಯ ಅಕ್ಷರದ ಮೇಲೆ ಅವನು ನಿಲ್ಲುತ್ತಾನೆ. ಸ್ವರ ಏರುತ್ತದೆ, ಹಾರ್ಮೋನಿಯಂ ಅರ್ಧ ಹೆಜ್ಜೆ ಹಿಂದೆ ಅದನ್ನೇ ನುಡಿಯುತ್ತದೆ. ಉಸಿರು ಮುಗಿಯಿತೆನ್ನುವಾಗ ಇನ್ನೊಂದು ಸುತ್ತು. ಶಿಳ್ಳೆ ಬೀಳುತ್ತದೆ. ಯಾರೋ ನೋಟಿನ ಹಾರ ತಂದು ಹಾಕುತ್ತಾರೆ. ದುರ್ಯೋಧನ ಕೈಮುಗಿದು, ಮತ್ತೆ ಮೀಸೆ ತಿರುವಿ, ಮೂರನೆಯ ಸಾಲಿಗೆ ಬರುತ್ತಾನೆ. ನಾಲ್ಕನೆಯ ಸಾಲು ಮುಗಿಯುವಲ್ಲಿ ತಬಲ ಬೀಳಬೇಕು. ಒಂದು ಕ್ಷಣ ತಡವಾದರೆ ಕಂದ ಕುಸಿಯುತ್ತದೆ, ಸರಿಯಾಗಿ ಬಿದ್ದರೆ ಚಪ್ಪರವೇ ಎದ್ದು ನಿಲ್ಲುತ್ತದೆ. ಭಾವ ಬೆಳೆಸಲು ಕಾಲವನ್ನೇ ನಿಲ್ಲಿಸುವ ಈ ಕಲೆ ಕಿರ್ಲೋಸ್ಕರರಿಂದ, ಬಸವಪ್ಪಶಾಸ್ತ್ರಿಗಳಿಂದ, ವರದಾಚಾರ್ಯರಿಂದ ಇಳಿದು ಬಂದದ್ದು.

ಹಾರ್ಮೋನಿಯಂನಲ್ಲಿ ಕಾಲಿನ ಪೆಡಲಿನದು, ಕೈಪೆಟ್ಟಿಗೆ ಎರಡೂ ಬಳಕೆಯಲ್ಲಿದ್ದವು. ಈಗ ಬಹಳ ಕಡೆ ಅದರ ಜಾಗಕ್ಕೆ ಕೀಬೋರ್ಡು, ತಬಲದ ಪಕ್ಕಕ್ಕೆ ರಿದಂ ಪ್ಯಾಡು ಬಂದಿವೆ. ಯುದ್ಧದ ಸದ್ದು, ಗುಡುಗು, ಶಂಖ ಎಲ್ಲ ಗುಂಡಿ ಒತ್ತಿದರೆ ಬರುತ್ತವೆ. ಇದರಿಂದ ಲಾಭವೂ ಇದೆ. ಆದರೆ ಹಾರ್ಮೋನಿಯಂನ ತಿದಿ ನಟನ ಉಸಿರಿನೊಂದಿಗೆ ಏರಿಳಿಯುತ್ತಿತ್ತು. ಕಂದದಲ್ಲಿ ನಟ ಎಲ್ಲಿ ನಿಲ್ಲುತ್ತಾನೋ ಅಲ್ಲಿ ಗಾಳಿಯೂ ತಗ್ಗುತ್ತಿತ್ತು. ಕೀಬೋರ್ಡು ಒಂದೇ ದಪ್ಪದ ಸ್ವರವನ್ನು ಹಿಡಿದು ನಿಲ್ಲುತ್ತದೆ, ನಟ ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಕಂದ ಹಾಡುವವರು ಇಂದಿಗೂ ‘ಪೆಟ್ಟಿಗೆ ಇರಲಿ’ ಎಂದು ಕೇಳುವುದರಲ್ಲಿ ನ್ಯಾಯವಿದೆ.

ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲೂ ಈಗ ಇಂಥ ನಾಟಕಗಳು ನಡೆಯುತ್ತವೆ. ಊರು ಬಿಟ್ಟು ಬೆಂಗಳೂರು ಸೇರಿದವರು ರಜೆ ಹಾಕಿ ಬಂದು ಬಣ್ಣ ಹಚ್ಚುತ್ತಾರೆ. ಕೆಲವರು ತಾಲೀಮನ್ನು ಬೆಂಗಳೂರಿನಲ್ಲೇ ಮಾಡಿ ನಾಟಕಕ್ಕೆ ಮಾತ್ರ ಊರಿಗೆ ಬರುತ್ತಾರೆ. ಜಾತಿಯ ವಿಚಾರ ಹೇಳದೆ ಮುಂದೆ ಹೋಗುವುದು ಸರಿಯಲ್ಲ: ಬಹುಕಾಲ ಒಂದೊಂದು ಕೇರಿಯ ನಾಟಕ ಒಂದೊಂದು. ದಲಿತ ಕೇರಿಗಳ ಯುವಕರು ತಮ್ಮದೇ ಮಂಡಳಿ ಕಟ್ಟಿ, ಊರ ನಡುವಿನ ರಂಗದಲ್ಲಿ ಕೃಷ್ಣನಾಗಿ, ಧರ್ಮರಾಯನಾಗಿ ನಿಂತು ಹಾಡಿದ್ದು ಈ ರಂಗಭೂಮಿ ತಂದ ದೊಡ್ಡ ಬದಲಾವಣೆ.

ರುದ್ರಪಟ್ಟಣ

ಕೊಣನೂರು, ರಾಮನಾಥಪುರ, ರುದ್ರಪಟ್ಟಣ ಮೂರೂ ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ಊರುಗಳು. ರುದ್ರಪಟ್ಟಣವನ್ನು ಸಂಗೀತ ಗ್ರಾಮವೆಂದೇ ಕರೆಯುತ್ತಾರೆ. ಸಂಕೇತಿ ಮನೆತನಗಳಿಂದ ತಲೆಮಾರು ತಲೆಮಾರಿಗೆ ವಿದ್ವಾಂಸರು ಬಂದರು: ಆರ್.ಕೆ. ಶ್ರೀಕಂಠನ್ (1920–2014), ಪಿಟೀಲಿನ ಆರ್.ಕೆ. ವೆಂಕಟರಾಮಾಶಾಸ್ತ್ರಿ, ರುದ್ರಪಟ್ಟಣಂ ಸಹೋದರರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ. ಪದ್ಮನಾಭ ಅವರು ಊರಿನಲ್ಲಿ ಕಟ್ಟಿಸಿದ ತಂಬೂರಿಯಾಕಾರದ ಸಪ್ತಸ್ವರ ಧ್ಯಾನಮಂದಿರ ಮತ್ತು ವರ್ಷವರ್ಷದ ಸಂಗೀತೋತ್ಸವ ಹೆಸರಾಗಿವೆ.

ಶ್ರೀಕಂಠನ್ ಅವರ ತಂದೆ ಕೃಷ್ಣಶಾಸ್ತ್ರಿಗಳು ಸಂಗೀತ ಬಲ್ಲವರು, ಸಂಸ್ಕೃತ–ಕನ್ನಡ ವಿದ್ವಾಂಸರು, ನಾಟಕಕಾರರು, ಹರಿಕಥೆ ಮಾಡುವವರು. ಒಬ್ಬರೇ ಇಷ್ಟೆಲ್ಲ ಆಗಿದ್ದದ್ದು ಆ ಕಾಲಕ್ಕೆ ಅಚ್ಚರಿಯಲ್ಲ. ಕಛೇರಿ, ಹರಿಕಥೆ, ನಾಟಕಗಳ ನಡುವೆ ಗೋಡೆ ಇನ್ನೂ ಎದ್ದಿರಲಿಲ್ಲ. ಆಮೇಲೆ ಎದ್ದಿತು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ತನ್ನ ಸಂಗೀತದಿಂದ ಹೊರಗಿಟ್ಟಿತು; ಗಮಕ ನುಡಿಸಲಾಗದ, ಸ್ವರಸ್ಥಾನ ಗಟ್ಟಿಯಾಗಿ ಕೂತ ವಾದ್ಯವೆಂಬುದು ಆಕ್ಷೇಪ. 1970ರ ದಶಕದವರೆಗೂ ಆ ನಿಷೇಧ ಸಡಿಲಾಗಲಿಲ್ಲ. ರುದ್ರಪಟ್ಟಣದ ಗಾಯಕರು ಬಾನುಲಿಯಲ್ಲಿ ತಂಬೂರಿ, ಪಿಟೀಲಿನೊಂದಿಗೆ ಹಾಡುತ್ತಿದ್ದ ಅದೇ ವರ್ಷಗಳಲ್ಲಿ ಸುತ್ತಲ ಹಳ್ಳಿಗಳ ನಾಟಕಗಳು ಹಾರ್ಮೋನಿಯಂ ಇಲ್ಲದೆ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ಒಂದೇ ಹೊಳೆಯ ದಂಡೆಯಲ್ಲಿ ಕಲ್ಯಾಣಿ ರಾಗ ಎರಡು ಬಾಳು ಬಾಳಿತು. ಅರಕಲಗೂಡಿನ ಮನೆತನದ ಅ.ನ. ಕೃಷ್ಣರಾಯರು (1908–1971) ಈ ಎರಡೂ ಲೋಕಗಳನ್ನು ಪ್ರೀತಿಸಿದವರು: ಸಂಗೀತಗಾರನ ಬದುಕಿಗೆ ‘ಸಂಧ್ಯಾರಾಗ’, ನಟನ ಬದುಕಿಗೆ ‘ನಟಸಾರ್ವಭೌಮ’ ಕಾದಂಬರಿ ಬರೆದರು.

ಗೀತನಾಟಕ

ಚನ್ನರಾಯಪಟ್ಟಣದಿಂದ ದೂರವಲ್ಲದ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ (1905–1998) ಹಾಡುನಾಟಕವನ್ನು ಇನ್ನೊಂದು ದಾರಿಗೆ ತಂದರು. ಅವರ ‘ಅಹಲ್ಯೆ’ 1941ರದು, ‘ಗೋಕುಲ ನಿರ್ಗಮನ’ 1945ರದು. ಕಂಪನಿ ಕವಿ ಸಿದ್ಧ ಮಟ್ಟಿಗೆ ಸಾಹಿತ್ಯ ಹೊಂದಿಸುತ್ತಿದ್ದರೆ, ಪು.ತಿ.ನ. ರಾಗ, ಲಯ, ಮಾತುಗಳನ್ನು ಒಟ್ಟಿಗೆ ಯೋಚಿಸಿ ಬರೆದರು. ಹಾಡು ಬಂದು ಕಥೆ ನಿಲ್ಲುವ ಪ್ರಶ್ನೆಯೇ ಇಲ್ಲಿಲ್ಲ. ಕಥೆ ಇರುವುದೇ ಹಾಡಿನಲ್ಲಿ. ಅಮೆರಿಕದ ಬ್ರಾಡ್‌ವೇಯಲ್ಲಿ ಹಾಡು, ಕುಣಿತ, ಕಥೆ ಒಂದಾಗಿ ಬೆಸೆದ ನಾಟಕವೆಂದು ಹೆಸರಾದ ‘ಒಕ್ಲಹೋಮ!’ ಬಂದದ್ದು 1943ರಲ್ಲಿ, ಪು.ತಿ.ನ. ಅವರ ಈ ಎರಡು ನಾಟಕಗಳ ನಡುವಿನ ವರ್ಷದಲ್ಲಿ. ಅಲ್ಲಿ ಅದು ಕೋಟಿಗಟ್ಟಲೆ ಹಣದ ಉದ್ಯಮವನ್ನೇ ಬೆಳೆಸಿತು. ಇಲ್ಲಿ ಗೀತನಾಟಕ ಓದುವವರ ಕೈಯಲ್ಲಿ ಬಹುಕಾಲ ಉಳಿಯಿತು, ಏಕೆಂದರೆ ಅದನ್ನು ಹಾಡಬಲ್ಲ ನಟರು ಕಂಪನಿಗಳಲ್ಲಿದ್ದರು, ಓದಬಲ್ಲವರು ಕಾಲೇಜುಗಳಲ್ಲಿದ್ದರು, ಇಬ್ಬರೂ ಒಂದೆಡೆ ಸೇರಲಿಲ್ಲ. ಶಿವರಾಮ ಕಾರಂತರೂ ಗೀತನಾಟಕ ಬರೆದು ಆಡಿಸಿದರು; ಮುಂದೆ ಯಕ್ಷಗಾನದ ಬ್ಯಾಲೆಗೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಟೀಕೆ ಎದುರಿಸಿದರು.

ಹಾಡು ಮೇಳಕ್ಕೆ

‘ಗೋಕುಲ ನಿರ್ಗಮನ’ವನ್ನು ರಂಗದ ಮೇಲೆ ಬೆಳಗಿದವರು ಬಿ.ವಿ. ಕಾರಂತರು (1929–2002). ಬಂಟ್ವಾಳ ತಾಲ್ಲೂಕಿನ ಹುಡುಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ. ವೀರಣ್ಣನವರ ನೆರವಿನಿಂದ ಬನಾರಸಿಗೆ ಹೋಗಿ ಹಿಂದಿ ಓದಿ, ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಪಳಗಿದ. ಕಂಪನಿಯ ಕಂಠ, ಶಾಸ್ತ್ರದ ಕಿವಿ, ಆಧುನಿಕ ರಂಗದ ಕಣ್ಣು ಮೂರೂ ಅವರಲ್ಲಿ ಸೇರಿದ್ದವು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’, ಗಿರೀಶ ಕಾರ್ನಾಡರ ‘ಹಯವದನ’, ಜಡಭರತರ ‘ಸತ್ತವರ ನೆರಳು’ ಅವರ ಕೈಯಲ್ಲಿ ಹಾಡುನಾಟಕಗಳಾದವು. ‘ಸತ್ತವರ ನೆರಳು’ ನಾಟಕದಲ್ಲಿ ಪುರಂದರದಾಸರ ಪದಗಳು ಮಠದ ಕಥೆಗೆ ಬೆನ್ನೆಲುಬಾದವು.

ಕಾರಂತರು ಮಾಡಿದ ಮುಖ್ಯ ಕೆಲಸ ಹಾಡನ್ನು ಒಬ್ಬ ನಟನಿಂದ ಬಿಡಿಸಿ ಇಡೀ ಮೇಳಕ್ಕೆ ಕೊಟ್ಟದ್ದು. ಭಾಗವತ ಮರಳಿ ಬಂದ, ಆದರೆ ಜೊತೆಗೆ ಹತ್ತು ಕಂಠ ತಂದ. ಒಳ್ಳೆಯ ಕಂಠವಿಲ್ಲದ ನಟನೂ ಗುಂಪಿನಲ್ಲಿ ಹಾಡಬಹುದಾಯಿತು. ಕಲ್ಲು, ಕೋಲು, ಪಾತ್ರೆ, ಬಾಯಿಯ ಸದ್ದು ಕೂಡ ಸಂಗೀತವಾದವು. ಹವ್ಯಾಸಿ ತಂಡಗಳಿಗೆ ಇದು ದೊಡ್ಡ ಬಿಡುಗಡೆ. ಇದರ ಬೆಲೆಯನ್ನೂ ಹೇಳಬೇಕು: ಒಬ್ಬ ನಟ ಒಂಟಿಯಾಗಿ ನಿಂತು ಒಂದು ರಾಗವನ್ನು ಬೆಳೆಸುವ ಕಲೆ ಪಟ್ಟಣದ ರಂಗದಿಂದ ಮರೆಯಾಯಿತು. ಅದು ಉಳಿದದ್ದು ಹಳ್ಳಿಯಲ್ಲಿ ಮತ್ತು ಆರ್. ಪರಮಶಿವನ್ ಅವರಂಥ ಕಂಪನಿಗಳ ಹಳೆಯ ಗಾಯಕರ ನೆನಪಿನಲ್ಲಿ.

1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಕಾರಂತರೇ ಅದರ ಮೊದಲ ನಿರ್ದೇಶಕರು. ಅದೇ ರಂಗಾಯಣ 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಂಗಕ್ಕೆ ತಂದಿತು. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಹಂಸಲೇಖರ ಸಂಗೀತ. ಬಯಲಿನಲ್ಲಿ ಹಲವು ರಂಗಗಳು, ಸುಮಾರು ಒಂಬತ್ತು ಗಂಟೆ, ರಾತ್ರಿಯಿಂದ ಬೆಳಗಿನವರೆಗೆ. ಕಥೆ ಹೇಳುವವರು ಜೋಗಿಗಳು, ಹೆಳವರು, ಹಾಡುವ ಗುಂಪುಗಳು. ಪಟ್ಟಣದ ಪ್ರೇಕ್ಷಕರು ಅಹೋರಾತ್ರಿ ನಾಟಕವನ್ನು ಹೊಸ ಅನುಭವವೆಂದು ಕೊಂಡಾಡಿದರು. ಕೊಣನೂರು ಸೀಮೆಯವರಿಗೆ ಬೆಳಗಾಗುವವರೆಗೆ ನಾಟಕ ನೋಡುವುದು ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ದೇವರು, ರಾಜರ ಜಾಗದಲ್ಲಿ ಕಾದಂಬರಿಯ ಗುತ್ತಿ, ತಿಮ್ಮಿಯರಂಥ ಸಾಮಾನ್ಯರು ಹಾಡಿಗೆ ಬಂದದ್ದು.

ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ (1939–2009) ರಂಗಭೂಮಿಗೂ ಸಿನಿಮಾಕ್ಕೂ ಸಂಗೀತ ಕೊಟ್ಟು ಭಾವಗೀತೆಯನ್ನು ಸಾವಿರಾರು ಜನರ ಮುಂದೆ ನಿಲ್ಲಿಸಿದವರು. ಅವರ ಮೊದಲ ಚಿತ್ರಸಂಗೀತ ‘ಕಾಕನಕೋಟೆ’ಯದು, ಅದೂ ಮಾಸ್ತಿಯವರ ನಾಟಕದಿಂದಲೇ ಹುಟ್ಟಿದ ಚಿತ್ರ. ಅವರ ಎತ್ತರದ, ಬಿಚ್ಚುಕಂಠದ ಗಾಯನದಲ್ಲಿ ಬಯಲುಸೀಮೆಯ ನಾಟಕದ ಕಂಠವನ್ನು ಗುರುತಿಸದೆ ಇರುವುದು ಕಷ್ಟ.

ಇಂದಿನ ಸ್ಥಿತಿ

ಹಳ್ಳಿಯ ಪೌರಾಣಿಕ ನಾಟಕ ಈಗ ಹೆಚ್ಚು ಅದ್ದೂರಿಯಾಗಿದೆ. ಎಲ್‌ಇಡಿ ಪರದೆಯ ಮೇಲೆ ವಿಶ್ವರೂಪ ಕಾಣಿಸುತ್ತದೆ, ಆಟವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತಾರೆ, ಹಾಸ್ಯದ ದೃಶ್ಯಗಳಲ್ಲಿ ಸಿನಿಮಾ ಹಾಡು ಬಂದು ಹೋಗುತ್ತದೆ. ಇವುಗಳಿಂದ ಹಳೆಯ ಕಲೆ ಕೆಟ್ಟಿತೆಂದು ಕೊರಗುವವರಿದ್ದಾರೆ. ಪಾರ್ಸಿ ಮಟ್ಟು ಹಾಕಿದ ದಿನವೂ ಇದೇ ಮಾತು ಕೇಳಿಬಂದಿತ್ತು. ಹೊರಗಿನದನ್ನು ಎಳೆದುಕೊಂಡು ತನ್ನದಾಗಿಸಿಕೊಳ್ಳುವ ಶಕ್ತಿಯೇ ಈ ರಂಗಭೂಮಿಯನ್ನು ಇಷ್ಟು ಕಾಲ ಬದುಕಿಸಿದ್ದು. ಚಿಂತೆಗೆ ನಿಜವಾದ ಕಾರಣ ಮೇಷ್ಟ್ರುಗಳದು. ಹಳೆಯ ಮೇಷ್ಟ್ರುಗಳು ಕಣ್ಮರೆಯಾಗುತ್ತಿದ್ದಾರೆ, ಕಲಿಯುವ ಹುಡುಗರು ಕಡಿಮೆ. ನಾಟಕದ ಮಾತು, ಪದ್ಯ ಅಚ್ಚಿನಲ್ಲಿ ಸಿಗುತ್ತವೆ. ಯಾವ ಕಂದಕ್ಕೆ ಯಾವ ರಾಗ, ಎಲ್ಲಿ ನಿಲ್ಲಬೇಕು, ತಬಲ ಎಲ್ಲಿ ಬೀಳಬೇಕು ಎಂಬುದು ಅವರ ಕೈಬರಹದ ನೋಟುಪುಸ್ತಕಗಳಲ್ಲೂ ಬೆರಳುಗಳಲ್ಲೂ ಮಾತ್ರ ಇದೆ. ಜೀ.ಶಂ.ಪ. ಮೂಡಲಪಾಯಕ್ಕೆ ಮಾಡಿದ ಕೆಲಸವನ್ನು ಪೌರಾಣಿಕ ನಾಟಕಕ್ಕೆ ಈಗಲೇ ಮಾಡಬೇಕಾಗಿದೆ: ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಮೇಷ್ಟ್ರುಗಳನ್ನು ಪೆಟ್ಟಿಗೆಯ ಮುಂದೆ ಕೂರಿಸಿ, ‘ಕುರುಕ್ಷೇತ್ರ’ದ ಒಂದೊಂದು ಪದ್ಯವನ್ನೂ ರಾಗ, ಮಟ್ಟು, ಶ್ರುತಿ ಸಮೇತ ಧ್ವನಿಮುದ್ರಿಸಿ, ಅವರ ಪುಸ್ತಕಗಳನ್ನು ಪುಟಪುಟವಾಗಿ ಚಿತ್ರ ತೆಗೆದು ಇಡುವುದು.